ಒಂದು ಗ್ರಾಮಿನಲ್ಲಿ ಹತ್ತು ಗುಂಟೆ

ಝುಟ್ ಎಂದರೆ ಇಲ್ಲಿ, ನಾರಾಯಣಗಂಜಿನಲ್ಲಿ,
ಕತ್ತರಿ ಬೇಡವೆಂದದ್ದು.
ಕಂಕುಳಿನ ಬಾಗು, ಕೊರಳಿನ ಅರ್ಧಚಂದ್ರ,
ತೋಳಿಗೂ ತೋಳಿಗೂ ನಡುವೆ ಮಿಕ್ಕ ಮೂಲೆ,
ಯಾವ ಮೈಗೂ ಸಲ್ಲದೆ ಮೂಟೆಗೆ ಬಿದ್ದ ಆಕಾರಗಳು.

ಮೊನೋವಾರಾ ಖಾಲಾ ಅವನ್ನು ಮೂಗಿನಿಂದ ಓದುತ್ತಾಳೆ.
ಒಂದು ಎಳೆ ಹಿರಿದು ಬೆಂಕಿಕಡ್ಡಿಗೆ ಹಿಡಿಯುತ್ತಾಳೆ:
ಸುಟ್ಟ ಕಾಗದದ ವಾಸನೆ ಬಂದರೆ ಹತ್ತಿ, ಬಲಗಡೆ ಬುಟ್ಟಿ;
ಕರಗಿ ಮಣಿಗಟ್ಟಿದರೆ ಪಾಲಿಯೆಸ್ಟರ್, ಎಡಕ್ಕೆ.
"ಗಿಡದಲ್ಲಿ ಹುಟ್ಟಿದ್ದು ಮರ್ಯಾದೆಯಾಗಿ ಸಾಯುತ್ತೆ.
ಎಣ್ಣೆಯಲ್ಲಿ ಹುಟ್ಟಿದ್ದಕ್ಕೆ ಸಾಯೋಕೂ ಬರಲ್ಲ,
ಬೆರಳಿಗೆ ಅಂಟಿಕೊಳ್ಳುತ್ತೆ."

ಅಲ್ಲಿಂದಾಚೆ ನನ್ನ ಪಾಳಿ.
ಚೂರು ಮಾಡಿ ಒಂದು ರಾತ್ರಿ ಆಮ್ಲದಲ್ಲಿ ನೆನೆಹಾಕುತ್ತೇನೆ,
ಅಕ್ಕಿ ನೆನೆಹಾಕಿದ ಹಾಗೆಯೇ, ಕೈಗವಸು ತೊಟ್ಟು.
ಕಬ್ಬಿಣದ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ
ಕುಲುಮೆಗೆ. ಐನೂರು ಡಿಗ್ರಿ.
ಗಾಳಿ ಸುಳಿದರೆ ಬೂದಿ, ಸುಳಿಯದಿದ್ದರೆ ಇದ್ದಿಲು,
ಇಷ್ಟೇ ನನ್ನ ವಿದ್ಯೆ.
ಒಮ್ಮೆ ಜೊಂಪು ಹತ್ತಿ ಹನ್ನೆರಡು ಕಿಲೋ ಬಟ್ಟೆ ಬೂದಿ ಮಾಡಿದೆ;
ಆ ತಿಂಗಳ ಸಂಬಳವೂ ಹಗುರವಾಯಿತು.

ಆಮೇಲೆ ತೊಳೆಯುವುದು.
ಬಿಸಿನೀರು, ಮತ್ತೆ ಬಿಸಿನೀರು, ಹುಳಿ ಹೋಗುವ ತನಕ.
ಹನ್ನೊಂದು ಸಲ ಎಣಿಸಿದ್ದೇನೆ.
ಗೇಟು ಕಾಯುವ ಫೊರ್ಕಾನ್ ಬೀಡಿ ಕಚ್ಚಿಕೊಂಡು ನಗುತ್ತಾನೆ:
"ಇದ್ದಿಲು ತೊಳೆದು ಬೆಳ್ಳಗೆ ಮಾಡ್ತೀಯೇನೋ, ತೊಫಜ್ಜಲ್?"

ಫಾರಿಹಾ ಆಪಾ ಸೀಸೆಯಲ್ಲಿ ಶೀತಲಕ್ಷ್ಯದ ನೀರು ತಂದರು.
ಆ ವಾರ ಯಾವುದೋ ದೇಶಕ್ಕೆ ನೇರಳೆ ಅಂಗಿ ಬೇಕಿತ್ತು,
ಹಾಗಾಗಿ ನದಿಯೂ ನೇರಳೆ.
ಎರಡು ಚಮಚ ಕರಿಪುಡಿ ಹಾಕಿ ಕುಲುಕಿದರು,
ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರು, ಸೋಸಿದರು.
ಇದ್ದಿಲು ಕಪ್ಪಾಗಿಯೇ ಇತ್ತು.
ಬೆಳ್ಳಗಾದದ್ದು ನೀರು.
ಫೊರ್ಕಾನ್ ಏನೂ ಅನ್ನಲಿಲ್ಲ. ಸೀಸೆ ಮೂಸಿ ನೋಡಿದ.

ಅದೇ ಬಟ್ಟೆ, ಅದೇ ಬಣ್ಣ.
ಮೇಲಿನ ಗಲ್ಲಿಯ ತೊಟ್ಟಿಯಲ್ಲಿ ಇಬ್ಬರೂ ಒಟ್ಟಿಗೆ ಕುದಿದವರು.
ಅಂದು ಹಿಡಿಯಲಾರದೆ ಚರಂಡಿಗೆ ಬಿಟ್ಟದ್ದನ್ನು
ಸುಟ್ಟು ಕರಕಲಾದ ಮೇಲೆ ಹುಡುಕಿಕೊಂಡು ಬಂದಿದೆ ಬಟ್ಟೆ.
ಇಷ್ಟು ದೊಡ್ಡ ನದಿಗೆ ಒಂದು ಸೀಸೆ. ಗೊತ್ತು.
ತುಂಬಿದ ಇದ್ದಿಲನ್ನು ಎಲ್ಲಿ ಹಾಕೋದು ಅಂತಲೂ ಕೇಳಿದೆ.
"ಮತ್ತೆ ಕಾಯಿಸಬಹುದು, ಎರಡು ಮೂರು ಸಲ," ಅಂದರು ಆಪಾ.
ಆಮೇಲೆ?
ಕನ್ನಡಕ ಒರೆಸಿಕೊಂಡರು.

"ಒಳಗೆಲ್ಲ ತೂತು ಇದಕ್ಕೆ, ತೂತಿನೊಳಗೆ ತೂತು.
ಒಂದು ಗ್ರಾಮಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ
ಹತ್ತು ಗುಂಟೆ ನೆಲ."
ಖಾಲಾ ಬೆಂಕಿಪೊಟ್ಟಣ ಕೆಳಗಿಟ್ಟಳು.
"ಎಷ್ಟು?"
"ಹತ್ತು ಗುಂಟೆ."

ಚಾಂದಪುರದ ಆಚೆ ಅವಳದೂ ಅಷ್ಟೇ ಇತ್ತು.
ತಗಡಿನ ಮನೆ, ಎರಡು ನುಗ್ಗೆಮರ, ಗಂಡನ ಗೋರಿ.
ಒಂದೇ ಶ್ರಾವಣದಲ್ಲಿ ಮೇಘನಾ ದಂಡೆಸಮೇತ ತಿಂದಳು.
ಪಹಣಿ ಈಗಲೂ ಪೆಟ್ಟಿಗೆಯಲ್ಲಿದೆ, ಪ್ಲಾಸ್ಟಿಕ್ ಸುತ್ತಿ.

ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡಳು ಖಾಲಾ.
ಉಸಿರು ಬಿಗಿಹಿಡಿದಳು, ಹಾರೀತೆಂದು.
"ಇದು ನದಿಯನ್ನು ಕುಡಿಯುತ್ತಾ?"
"ಬಣ್ಣವನ್ನು, ಖಾಲಾ."
"ಅಷ್ಟಾದರೂ ಕುಡೀಲಿ."
ಸೆರಗಿನ ತುದಿಗೆ ಗಂಟು ಹಾಕಿದಳು, ಎರಡು ಸುತ್ತು,
ಎಡಗಡೆಯ ಬುಟ್ಟಿಯಿಂದ ಒಂದು ಚೂರು ತೆಗೆದು ಮೂಸಿದಳು,
ಬಲಗಡೆಗೆ ಹಾಕಿದಳು.

ರಾತ್ರಿ ಲೆಕ್ಕದ ಪುಸ್ತಕ ಬರೆಯುವಾಗ
ಕಡಿಮೆ ಬಂದ ತೂಕ: ಒಂದು ಗ್ರಾಮ್.
ಕಾರಣದ ಕಲಮಿನಲ್ಲಿ ಬರೆದೆ:
ಗಾಳಿ.